ಲ್ಯಾಬಿನ ಬಾಗಿಲಲ್ಲಿ ರಂಲತ್ ಟೀಚರ್

ವಡಗರೆಯ ದೂರಶಿಕ್ಷಣ ಕೇಂದ್ರಕ್ಕೆ ಪರೀಕ್ಷೆಗೆಂದು ಬಂದ ಸೊಸೆಯನ್ನು ಒಳಗೆ ಕಳಿಸಿ, ದಾಕ್ಷಾಯಣಿಯಮ್ಮ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗಲಿಯ ಬೆಂಚಿನ ಮೇಲೆ ಕೂತಿದ್ದರು. ಅದೇ ಬೆಂಚಿನ ತುದಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಂಪ್ಯೂಟರ್ ಪುಸ್ತಕ ತಿರುವುತ್ತಿದ್ದರು. ಕೊರಳಿಗೆ ಪರೀಕ್ಷಕರ ಗುರುತುಚೀಟಿ ತೂಗಿಸಿಕೊಂಡ ಯುವಕನೊಬ್ಬ ಅವರನ್ನು ಕಂಡು ನಿಂತುಬಿಟ್ಟ.

“ರಂಲತ್ ಟೀಚರ್! ನೀವು ಇಲ್ಲಿ?”

“ಬಿಜೇಷಾ! ಇಷ್ಟು ವರ್ಷ ಶಾಲೇಲಿ ನಿಮಗೆಲ್ಲ ಕಂಪ್ಯೂಟರ್ ಕಲಿಸಿದ್ದು ಸಾಲದಂತೆ ಕಣೋ. ಈ ಸಲ ಐಟಿ ಡಿಗ್ರಿ ಕೈಗೆ ಬರದಿದ್ರೆ ಕೆಲಸ ಉಳಿಯಲ್ಲ.”

“ವೈವಾ ತಗೊಳ್ಳೋದು ನಾನೇ, ಟೀಚರ್.”

“ಅಯ್ಯೋ, ಬೇರೆ ಯಾರೂ ಇಲ್ವಾ?”

“ನಾನೊಬ್ಬನೇ. ನಿಮ್ಮನ್ನ ಫೇಲ್ ಮಾಡಿದ್ರೆ ಅಮ್ಮ ನಂಗೆ ಅನ್ನ ಹಾಕಲ್ಲ.”

“ಹಾಗಂತ ಸುಮ್ಮನೆ ಮಾರ್ಕು ಕೊಟ್ರೆ ನಾನು ಬಿಡಲ್ಲ. ನೀನು ಪಕ್ಕದವಳದ್ದು ಕಾಪಿ ಹೊಡೆದಾಗ ಸೊನ್ನೆ ಹಾಕಿದ್ದೆ, ನೆನಪಿದೆಯಾ?”

“ಮರೆಯೋಕೆ ಅಮ್ಮ ಬಿಡಬೇಕಲ್ಲ!”

“ಕಷ್ಟದ ಪ್ರಶ್ನೇನೇ ಕೇಳು. ಸ್ವಲ್ಪ ನಿಧಾನಕ್ಕೆ ಕೇಳು ಅಷ್ಟೆ, ಮಗೂ. ಭಯ ಆಗ್ತಾ ಇದೆ.”

“ನಂಗೂ, ಟೀಚರ್.”

ಗಂಟೆ ಹೊಡೆಯಿತು. ಅವನು ಅವರ ಚೀಲ ಎತ್ತಿಕೊಳ್ಳಲು ಬಗ್ಗಿದ.

“ಬಿಡೋ, ಯಾರಾದ್ರೂ ನೋಡಿಯಾರು. ನೀನು ಮುಂದೆ ನಡಿ.”

ಅವನು ಲ್ಯಾಬಿನೊಳಗೆ ಹೋದ. ಟೀಚರ್ ತಲೆವಸ್ತ್ರ ಸರಿಮಾಡಿಕೊಂಡು ಬಾಗಿಲ ತನಕ ಹೋಗಿ ನಿಂತರು.

“ಒಳಗೆ ಬರಬಹುದಾ, ಸಾರ್?”

ಒಳಗಿನಿಂದ ಉತ್ತರಕ್ಕೆ ಮೊದಲು ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. ಹುಡುಗ ಎದ್ದು ನಿಂತನೆಂದು ದಾಕ್ಷಾಯಣಿಯಮ್ಮನಿಗೆ ತಿಳಿಯಿತು.