ಕೆಳಗೇ ಮುಚ್ಚಿದ್ರಾಯ್ತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಕೋಲಾರದ ಬಿಸಿಲನ್ನೂ ಲೆಕ್ಕಿಸದೆ ಬಂದ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ಗಂಗರತ್ನಮ್ಮನವರೇ, ಊಟದ ವಾಸನೆ ಬರುತ್ತಿದ್ದರೂ ಕದಲದೆ ಕೂತ ಸಭಿಕರೇ,

ನಾನು ಚಂದ್ರಮೋಹನ್, ಈ ಆಸ್ಪತ್ರೆಯ ಮೂಳೆ ಡಾಕ್ಟರು. ಗಂಗರತ್ನಮ್ಮ ನಮ್ಮ ವಾರ್ಡಿನ ಆಯಾ, ಓದಿದ್ದು ಏಳನೇ ಕ್ಲಾಸು. ಇಷ್ಟೆಲ್ಲ ಓದಿದ ನಾನು ಇವರನ್ನು ಕಂಡು ಬೆರಗಾಗಿದ್ದೇನೆ. ಯಾಕೆ?

ಮೂತ್ರಕ್ಕೆ ಪೈಪು ಹಾಕಿದ ರೋಗಿಯ ಚೀಲ ಸೊಂಟಕ್ಕಿಂತ ಕೆಳಗೇ ತೂಗಬೇಕು. ಮೇಲೆತ್ತಿದರೆ ಒಳಗಿರುವುದು ಹಿಂದಕ್ಕೆ ಹರಿದು ಸೋಂಕಾಗಬಹುದು. ಆದರೆ ನೆಂಟರು ನೋಡಲು ಬಂದರೆ ಮನೆಯವರಿಗೆ ನಾಚಿಕೆ. ಚೀಲವನ್ನು ಎತ್ತಿ ಹಾಸಿಗೆಯ ಮೇಲಿಟ್ಟು ಹೊದಿಕೆ ಮುಚ್ಚುತ್ತಾರೆ. ಬೇಡವೆಂದು ಬೋರ್ಡು ಹಾಕಿದೆವು. ಯಾರು ಓದುತ್ತಾರೆ ಸ್ವಾಮಿ?

ಮೂರು ವರ್ಷದ ಹಿಂದೆ ನಮ್ಮ ತಂದೆ ಕೋದಂಡರಾಮಪ್ಪನವರು ತೊಡೆಮೂಳೆ ಮುರಿದುಕೊಂಡು ಇಲ್ಲೇ ಮಲಗಿದ್ದರು. ನಮ್ಮೂರು ಆವನಿಯಿಂದ ಟೆಂಪೋ ತುಂಬ ಜನ ಬಂದರು. ಊರಿಗೆಲ್ಲ ನ್ಯಾಯ ಹೇಳಿದ ಮನುಷ್ಯನ ಪಕ್ಕದಲ್ಲಿ ಆ ಚೀಲ ನೇತಾಡುತ್ತಿತ್ತು. ಎತ್ತಿಟ್ಟು ಶಾಲು ಹೊದಿಸಿದವನು ನಾನೇ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಆದರೂ ಹೇಳುತ್ತೇನೆ. ಎತ್ತಿಟ್ಟು ಮರೆತೂಬಿಟ್ಟೆ. ಎರಡು ಗಂಟೆ ಕಳೆದ ಮೇಲೆ ಗಂಗರತ್ನಮ್ಮ ಅದನ್ನು ಸದ್ದಿಲ್ಲದೆ ಕೆಳಗಿಳಿಸಿದರು.

ಎರಡೇ ದಿನಕ್ಕೆ ಅಪ್ಪನಿಗೆ ಚಳಿಜ್ವರ, ಏನೇನೋ ಬಡಬಡಿಕೆ. ಇನ್ನು ಉಳಿಯುವುದಿಲ್ಲ ಎಂದುಕೊಂಡೆ. ಆ ಭಯದಲ್ಲಿ ವಾರ್ಡಿನವರೆದುರು ಇವರನ್ನೇ ಬೈದೆ: "ಕೈ ತೊಳೀದೆ ಮುಟ್ಟಿದ್ದೀಯ!" ದೂರನ್ನೂ ಬರೆದೆ. ಇವರಿಗೆ ಮೆಮೋ ಬಂತು. ಇವರು ಅದಕ್ಕೆ ಸಹಿ ಹಾಕಿ ಅಪ್ಪನ ಹಾಸಿಗೆ ಬದಲಿಸಲು ಹೋದರು. ಜ್ವರ ಇಳಿದ ಬೆಳಿಗ್ಗೆ ಬಂದು ಕೇಳಿದ್ದು ಇಷ್ಟೇ: "ಸಾರ್, ತಾತ ಎದ್ದು ಕೂರ್ತಾವ್ರೆ. ಈ ಪೈಪು ಇವತ್ತೂ ಬೇಕಾ?"

ಬೇಕಿರಲಿಲ್ಲ! ಡಾಕ್ಟರಾದ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಅವತ್ತೇ ತೆಗೆಸಿದೆ. ಅಪ್ಪ ಈಗಲೂ ಟೊಮೆಟೊ ತೋಟದಲ್ಲಿ ಆಳುಗಳನ್ನು ಗದರಿಸಿಕೊಂಡಿದ್ದಾರೆ.

ಮುಂದಿನ ವಾರ ಇವರು ಹಳೇ ಸೀರೆ ಹರಿದು, ಆ ಚೀಲಗಳಿಗೆ ಲಾಡಿ ಕಟ್ಟುವ ಗವಸು ಹೊಲಿದು ತಂದರು. "ಮುಚ್ಚಬೇಕು ಅಂತ ತಾನೇ ಸಾರ್ ಎತ್ತೋದು? ಕೆಳಗೇ ಮುಚ್ಚಿದ್ರಾಯ್ತು." ಅಬ್ಬಾ! ನಮ್ಮ ಬೋರ್ಡುಗಳೆಲ್ಲ ಸೇರಿ ಮಾಡಲಾಗದ್ದನ್ನು ಒಂದು ಹಳೇ ಸೀರೆ ಮಾಡಿತು. ಅಂದಿನಿಂದ ನಮ್ಮ ವಾರ್ಡಿನಲ್ಲಿ ಚೀಲ ಎತ್ತುವವರೇ ಇಲ್ಲ. ಪೈಪು ಇವತ್ತೂ ಬೇಕಾ ಎಂದು ಇವರು ದಿನಾ ಬೆಳಿಗ್ಗೆ ಕೇಳುತ್ತಾರೆ, ನಾವು ಡಾಕ್ಟರುಗಳು ಉತ್ತರ ಕೊಡುತ್ತೇವೆ.

ಅಧ್ಯಕ್ಷರೇ, ಆ ಮೆಮೋ ಇವತ್ತಿಗೂ ಇವರ ಸರ್ವೀಸ್ ರಿಜಿಸ್ಟರಿನಲ್ಲಿದೆ. ಇವರಿಗೆ ಶಾಲು ಹೊದಿಸುವ ಮೊದಲು ಅದರ ಕೆಳಗೆ ನನ್ನ ಕೈಯಲ್ಲೇ ಬರೆಯಲು ಅಪ್ಪಣೆ ಕೊಡಿ: ತಪ್ಪು ಡಾಕ್ಟರದು. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಗಂಗರತ್ನಮ್ಮನವರೇ, ಇದು ನಿಮಗೊಬ್ಬರಿಗೇ: ಕ್ಷಮಿಸಿ, ನಮಸ್ಕಾರ.