ನಾನು ಹೆರಿಸದ ಅರವತ್ತಮೂರು ಮಕ್ಕಳು

ವೇದಿಕೆಯ ನಟ್ಟನಡುವೆ ಕುಳಿತು ಬೀಸಣಿಗೆ ಬೀಸಿಕೊಳ್ಳುತ್ತಿರುವ ಮಾನ್ಯ ಮೇಯರ್ ಅವರೇ, ನಮ್ಮ ಪಾಪಗಳನ್ನೆಲ್ಲ ಕೇಳಿಸಿಕೊಂಡೂ ಎದುರು ಸಿಕ್ಕರೆ ನಗುವ ಫಾದರ್ ಅವರೇ, ಎರಡು ದೋಣಿ ಬದಲಿಸಿ ನಮ್ಮ ದ್ವೀಪಕ್ಕೆ ದಯಮಾಡಿಸಿರುವ, ಹಣದ ಆ್ಯಪಿನ ಕಂಪನಿಯ ಪ್ರಾದೇಶಿಕ ಅಧಿಕಾರಿ ಶ್ರೀಮಾನ್ ಎಸ್ಕಲಾಂತೆ ಅವರೇ, ಮುಂದಿನ ಸಾಲಿನ ಗಣ್ಯರೇ, ಹಿಂದೆ ಪಾನ್ಸಿತ್ ಶ್ಯಾವಿಗೆಯ ಪಾತ್ರೆಗಳ ಪಕ್ಕದಲ್ಲೇ ಜಾಗ ಹಿಡಿದಿರುವ ಬುದ್ಧಿವಂತ ಸಭಿಕರೇ,

ಈ ಕ್ರಿಸಾಂತಾ ಮಗ್ಬನುವಾ ಎಂಬ ಮುದುಕಿಗೆ ಇಂದು 'ವರ್ಷದ ಎಚ್ಚರದ ಗ್ರಾಹಕಿ' ಎಂಬ ಬಿರುದು ಸಿಕ್ಕಿದೆ. ಗಾಜಿನ ಫಲಕ ಕೊಟ್ಟಿದ್ದಾರೆ. ಹೆಸರನ್ನು ತಪ್ಪಿಲ್ಲದೆ ಕೆತ್ತಿಸಿದ್ದಾರೆ. ನನಗೆ ತೊಂದರೆಯಾಗಬಾರದೆಂದು ಭಾಷಣವನ್ನೂ ಅವರೇ ಬರೆದುಕೊಟ್ಟಿದ್ದಾರೆ, ಎರಡು ಪುಟ. ಮೊದಲ ಸಾಲು ಹೀಗಿದೆ: 'ನನ್ನ ಹಣ ಸುರಕ್ಷಿತ, ನಾನು ನಿಶ್ಚಿಂತೆ.' ಎಷ್ಟು ಚೆಂದದ ಸಾಲು ನೋಡಿ. ಮುಂದಿನದು ಓದೋಣವೆಂದರೆ ಕನ್ನಡಕ ಮನೆಯಲ್ಲಿ ಉಳಿದಿದೆ. ಆದ್ದರಿಂದ ಬಾಯಿಗೆ ಬಂದದ್ದನ್ನು ಹೇಳುತ್ತೇನೆ. ತಪ್ಪಿದರೆ ಎಸ್ಕಲಾಂತೆಯವರು ತಿದ್ದಬೇಕು.

ನಾನು ನಲವತ್ತನಾಲ್ಕು ವರ್ಷ ಈ ಊರಿನ ಸೂಲಗಿತ್ತಿಯಾಗಿದ್ದವಳು. ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಜನ ಲೋಕ ನೋಡುವ ಮೊದಲು ನನ್ನ ಮುಖ ನೋಡಿದ್ದೀರಿ. ಹೆದರಿ ಅತ್ತಿದ್ದೀರಿ ಕೂಡ. ಹೆರಿಗೆಗೆ ದುಡ್ಡಿಲ್ಲದವರು ಏನು ಮಾಡುತ್ತಿದ್ದರು? "ನೀವೇ ಕೂಸಿನ ನಿನಾಂಗ್ ಆಗ್ಬೇಕು" ಅನ್ನುತ್ತಿದ್ದರು. ದುಡ್ಡಿದ್ದವರೂ ಹಾಗೇ ಅನ್ನುತ್ತಿದ್ದರು ಅನ್ನಿ, ಅದು ಇನ್ನೊಂದು ಮಾತು. ಜ್ಞಾನಸ್ನಾನದ ದಿನ ಕೂಸನ್ನು ಎತ್ತಿ ಹಿಡಿದ ನಿನಾಂಗ್‌ಗೆ, ಅಂದರೆ ಜ್ಞಾನತಾಯಿಗೆ, ಅದು ಸಾಯುವ ತನಕ ಮಗುವೇ. ಹಾಗೆ ನನಗೆ ಇನ್ನೂರ ಹದಿನಾಲ್ಕು ಮಕ್ಕಳು. ಸ್ವಂತಕ್ಕೆ ಒಂದೂ ಇಲ್ಲ.

ಆ ಇನ್ನೂರ ಹದಿನಾಲ್ಕು ಮಕ್ಕಳ ಹೆಸರೂ ನನಗೆ ಬಾಯಿಗೆ ಬರುತ್ತದೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದುದು ನಿಮಗೆಲ್ಲ ಗೊತ್ತು. ಹೆಸರಷ್ಟೇ ಅಲ್ಲ, ಹುಟ್ಟಿದಾಗಿನ ತೂಕವೂ. ಮದುವೆ ಮನೆಗಳಲ್ಲಿ ನನ್ನನ್ನು ಪರೀಕ್ಷೆ ಮಾಡಿ ಸೋತವರು ಎಷ್ಟು ಜನ? ಆ ಮೆರೆದಾಟ ಎಲ್ಲಿಗೆ ತಂದಿತು ಎಂಬುದೇ ಇವತ್ತಿನ ವಿಷಯ.

ಮೊದಲೆಲ್ಲ ಕ್ರಿಸ್‌ಮಸ್‌ಗೆ ಮಕ್ಕಳು ಮನೆಗೇ ಬರುತ್ತಿದ್ದವು. ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆದು, ಹಬ್ಬದ ಕಾಣಿಕೆ ಇಸಿದುಕೊಂಡು, ಒಂದು ಅಕ್ಕಿ ಕಡುಬು ತಿಂದು ಹೋಗುತ್ತಿದ್ದವು. ಈಗ ಒಂದು ದುಬೈಯಲ್ಲಿ, ಇನ್ನೊಂದು ಹಡಗಿನಲ್ಲಿ, ನಲವತ್ತು ಮನಿಲಾದಲ್ಲಿ. ಹಣೆ ಬರುವುದಿಲ್ಲ, ಫೋನ್ ನಂಬರ್ ಬರುತ್ತದೆ. ತಲೆಗೆ ಇನ್ನೂರು ಪೆಸೊ. ದೊಡ್ಡವರಾದವರಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹೊಗಳುವುದನ್ನೂ ನಿಲ್ಲಿಸುತ್ತಾರೆಂಬ ಭಯ. ವರ್ಷವಿಡೀ ಪಿಂಚಣಿಯಲ್ಲಿ ಉಳಿಸಿ, ಡಿಸೆಂಬರಿನಲ್ಲಿ ನಲವತ್ತೆರಡು ಸಾವಿರದ ಎಂಟುನೂರು ಪೆಸೊ ಆ್ಯಪಿಗೆ ತುಂಬಿಸುತ್ತಿದ್ದೆ.

ಕಳಿಸುವ ಕೆಲಸ ವಾಂಜಿಯದು. ನನ್ನ ಮನೆಯ ಎದುರಿನ ಅಂಗಡಿಯ ವಾಂಜಿ. ಉಪ್ಪು, ಸಾಬೂನು, ಒಣಮೀನಿನ ಜೊತೆಗೆ ಆ್ಯಪಿಗೆ ಹಣ ತುಂಬುವ, ತೆಗೆದುಕೊಡುವ ಕೌಂಟರ್ ಇಟ್ಟಿದ್ದಳು. ಗಂಡ ಹೋದ ಮೇಲೆ ಮೂರು ಮಕ್ಕಳ ಶಾಲೆ ನಡೆದದ್ದು ಆ ಕೌಂಟರಿನ ಕಮಿಷನ್ನಿನಲ್ಲಿ, ಒಣಮೀನಿನಲ್ಲಿ ಅಲ್ಲ. ಬೆಳಿಗ್ಗೆ ನನ್ನ ಫೋನನ್ನೂ ಹೆಸರಿನ ಪುಸ್ತಕವನ್ನೂ ಅವಳಿಗೆ ಕೊಟ್ಟು, ನಾನು ನನ್ನ ಜಗಲಿಯಲ್ಲಿ ಕುಳಿತು ಬೀದಿಯಾಚೆಗೆ ಪಿನ್ ಕೂಗಿ ಹೇಳುತ್ತಿದ್ದೆ. ನಗಬೇಡಿ. ಪಿನ್ ಕೂಗಿ ಹೇಳುವುದು ಈ ಊರಿನ ವಾಡಿಕೆ. ನಿಮ್ಮಲ್ಲಿ ಬಹಳ ಜನರದು ನನಗೆ ಗೊತ್ತಿದೆ. ಮೇಯರ್ ಅವರೇ, ನಿಮ್ಮದನ್ನು ದಯವಿಟ್ಟು ಬದಲಿಸಿ.

ವಾಂಜಿಯನ್ನು ಹೆರಿಸಿದ್ದೂ ನಾನೇ. ದೊಡ್ಡ ಬಿರುಗಾಳಿಯ ಮಾರನೆಯ ದಿನ, ಸೂರು ಹಾರಿಹೋದ ಮನೆಯಲ್ಲಿ. ಎರಡು ಕಿಲೋ ನೂರು ಗ್ರಾಂ. ಹುಟ್ಟಿತು, ಅಳಲಿಲ್ಲ. ನೀಲಿಗಟ್ಟಿತು, ಆಗಲೂ ಅಳಲಿಲ್ಲ. ಅವಳ ತಾಯಿ "ಹೋಯ್ತಾ?" ಅಂದಳು. ನಾನು ಕೂಸನ್ನು ಮಗುಚಿ ಬೆನ್ನಿಗೆ ಎರಡು ಬಿಟ್ಟೆ. ಆಮೇಲೆ ಅತ್ತಿತು ನೋಡಿ, ಬೀದಿಯವರೆಲ್ಲ ಓಡಿ ಬರುವ ಹಾಗೆ. ಇದು ಭಾಷಣದಲ್ಲಿ ಇರಲಿಲ್ಲ, ಕ್ಷಮಿಸಿ.

ಕಳೆದ ಡಿಸೆಂಬರಿನಲ್ಲಿ, ಕೆಲಸ ಶುರುವಾದ ಮೂರನೆಯ ದಿನ ವಾಂಜಿ ಫೋನ್ ಹಿಡಿದು ಬೀದಿ ದಾಟಿ ಬಂದಳು.

"ನಿನಾಂಗ್, ಇಲ್ನೋಡಿ. ಇದ್ರಲ್ಲಿ ಹನ್ನೊಂದು ನಾನು ಕಳ್ಸಿದ್ದಲ್ಲ. ನೀವೇನಾದ್ರೂ ಕಳ್ಸಿದ್ರಾ?"

ನೋಡಿದೆ. ಎಲ್ಲ ಇನ್ನೂರು ಇನ್ನೂರು ಪೆಸೊ. ಹೆಸರುಗಳು ಅರ್ಧ ಅಕ್ಷರ, ಅರ್ಧ ನಕ್ಷತ್ರ. ಗೋಪ್ಯತೆಗಾಗಿ ಕಂಪನಿಯವರು ಹೆಸರು ಮುಚ್ಚುತ್ತಾರಂತೆ. ಕಳ್ಳನ ಮಾನ ಕಾಪಾಡುವುದರಲ್ಲಿ ಅವರಿಗೆ ಅಷ್ಟು ಮುತುವರ್ಜಿ. ಒಂದೂ ನನಗೆ ಗುರುತು ಹತ್ತಲಿಲ್ಲ. ನನ್ನ ತಾಯಿ ಕೊನೆಯ ಎರಡು ವರ್ಷ ನನ್ನನ್ನೇ "ನರ್ಸಮ್ಮ" ಎಂದು ಕರೆಯುತ್ತಿದ್ದಳು. ನನಗೂ ಶುರುವಾಯಿತೇ? ನಾನೇ ಕಳಿಸಿ ನಾನೇ ಮರೆತೆನೇ? ನನ್ನ ಮಕ್ಕಳನ್ನೇ ಮರೆತೆನೇ?

"ನಾನೇ ಕಳ್ಸಿದ್ದು ಕಣೇ. ನನ್ ಮಕ್ಳು ನಂಗೆ ಗೊತ್ತಿಲ್ವಾ? ನೀನು ನಿನ್ ಕೆಲ್ಸ ನೋಡು," ಅಂದೆ.

ಅಂದೆ, ಮುಗಿಯಿತು. ಅಲ್ಲಿಂದ ಮುಂದಕ್ಕೆ ಫೋನು ಟಿಣ್ ಎಂದಾಗಲೆಲ್ಲ, "ಇನ್ನೂರು ಪೆಸೊ ತಗೊಂಡು ಒಂದು ಥ್ಯಾಂಕ್ಸ್ ಹೇಳುವ ಸೌಜನ್ಯವಿಲ್ಲ ಈ ಕಾಲದ ಮಕ್ಕಳಿಗೆ" ಎಂದು ಗೊಣಗಿದೆ. ಕಳ್ಳನಿಂದ ಕೃತಜ್ಞತೆ ಬಯಸಿದ ಗ್ರಾಹಕಿ ಈ ದೇಶದಲ್ಲಿ ನಾನೊಬ್ಬಳೇ ಇರಬೇಕು. ಇದಕ್ಕೊಂದು ಬೇರೆ ಫಲಕ ಕೊಡಬಹುದು.

ಹಬ್ಬಕ್ಕೆ ಐದು ದಿನ ಇರುವಾಗ ವಾಂಜಿ ಮತ್ತೆ ಬಂದಳು. "ನಿನಾಂಗ್, ದುಡ್ಡು ಖಾಲಿ. ಇನ್ನೂ ಅರವತ್ಮೂರು ಮಕ್ಳು ಬಾಕಿ ಇದಾವೆ."

ಕದ್ದವಳು ತಾನಾಗಿ ಬಂದು ಲೆಕ್ಕ ಒಪ್ಪಿಸುತ್ತಾಳೆಯೇ? ಅಷ್ಟು ಯೋಚಿಸಿದ್ದರೆ ಸಾಕಿತ್ತು. ನಾನು ಯೋಚಿಸಲಿಲ್ಲ. ಮಾರನೆಯ ದಿನ ಅವಳ ಅಂಗಡಿಯ ಮುಂದೆ ಗಿರಾಕಿಗಳು ತುಂಬಿದ್ದ ಹೊತ್ತು ನೋಡಿಕೊಂಡೇ ಹೋದೆ.

"ಈ ಕೈಯಲ್ಲೇ ನಿನ್ನ ಎತ್ಕೊಂಡಿದ್ದು. ಈ ಕೈನೇ ಕಚ್ಚಿದ್ಯಲ್ಲೇ."

"ನಿನಾಂಗ್, ನಾನೇ ಕಳ್ಸಿದ್ದು ಅಂತ ನೀವೇ ಅಂದ್ರಲ್ಲ."

"ನಾನ್ ಯಾವಾಗ ಅಂದೆ?"

ಸಭಿಕರೇ, ಅದು ನನಗೆ ಚೆನ್ನಾಗಿ ನೆನಪಿತ್ತು. ಯಾವ ಮರೆವೂ ಇರಲಿಲ್ಲ. ವಾಂಜಿ ಜಗಳವಾಡಲಿಲ್ಲ, ಅಳಲಿಲ್ಲ. ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟು, ಬಾಗಿಲು ಹಾಕಿದಳು.

ಆಮೇಲೆ ಕಂಪನಿಗೆ ದೂರು ಕೊಡುವ ಪರ್ವ. ಅಲ್ಲಿ ಮನುಷ್ಯರು ಸಿಗುವುದಿಲ್ಲ, ಮಾಯಾ ಎಂಬ ಯಂತ್ರ ಸಿಗುತ್ತಾಳೆ. ಬಹಳ ವಿನಯದ ಹುಡುಗಿ. 'ಇಂದು ನಿಮ್ಮ ದಿನ ಹೇಗಿದೆ?' ಎಂದು ಕೇಳಿದಳು. ನನ್ನ ಹಣ ಕಳುವಾಗಿದೆ ಎಂದು ಬರೆದೆ. 'ಕೇಳಿ ಸಂತೋಷವಾಯಿತು' ಎಂದಳು. ಹಾಗೆ ಹದಿನೇಳು ದಿನ ನಾವಿಬ್ಬರೂ ಒಡನಾಡಿದೆವು. ಕೊನೆಗೊಂದು ಪತ್ರ ಬಂತು: ಹಣ ನಿಮ್ಮ ಪಿನ್ ಬಳಸಿಯೇ ಹೋಗಿದೆ, ಆದ್ದರಿಂದ ಅದು ನಿಮ್ಮ ಒಪ್ಪಿಗೆಯಿಂದಲೇ ಹೋದಂತೆ. ಅಂದರೆ ಕಳ್ಳ ಬಾಗಿಲು ಒಡೆದು ಬಂದರೆ ಕಳ್ಳ. ಬೀಗದ ಕೈ ಹಾಕಿ ಬಂದರೆ ಬೀಗ. ನಾವು ಮಣೆ ಹಾಕಿ ಉಪಚಾರ ಮಾಡಬೇಕು.

ಆದರೆ ಕಂಪನಿ ನಿಧಾನ ಎಂದು ಯಾರೂ ದೂರಬೇಡಿ. ನನ್ನ ದೂರಿನಲ್ಲಿ ವಾಂಜಿಯ ಹೆಸರಿತ್ತಲ್ಲ, ಅವಳ ಕೌಂಟರಿನ ಬೋರ್ಡು ಒಂದೇ ದಿನದಲ್ಲಿ ಇಳಿಯಿತು. ಎಸ್ಕಲಾಂತೆಯವರೇ, ನಿಮ್ಮವರು ಇಷ್ಟು ಚುರುಕಾಗಿ ಕೆಲಸ ಮಾಡಬಲ್ಲರು ಎಂಬುದು ಸಂತೋಷದ ವಿಷಯವಲ್ಲವೇ? ಆ ಶಾಲಾವರ್ಷ ಮುಗಿಯುವ ಮೊದಲೇ ಅವಳ ದೊಡ್ಡ ಮಗಳು ಓದು ಬಿಟ್ಟು, ಮೀನು ಒಣಗಿಸುವ ಕೆಲಸಕ್ಕೆ ಹೋದಳು.

ಫೆಬ್ರವರಿಯಲ್ಲಿ ನಮ್ಮ ಸಾರ್ಜೆಂಟ್ ದೆಲ್ಫಿನ್ ನನ್ನ ಫೋನನ್ನು ತಿರುವಿ ನೋಡಿದ. ಅವನೂ ನಾನು ಹೆರಿಸಿದವನೇ, ನಾಲ್ಕು ಕಿಲೋ, ಅವ್ವನನ್ನು ಎರಡು ದಿನ ಸತಾಯಿಸಿದ್ದ.

"ನಿನಾಂಗ್, ಡಿಸೆಂಬರ್ ಒಂಬತ್ತಕ್ಕೆ ಇದ್ಯಾವ್ದು ಹ್ಯಾಮು?"

"ಯಾವ ಹ್ಯಾಮು?" ಅಂದೆ.

ಯಾವ ಹ್ಯಾಮು ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. 'ಅಭಿನಂದನೆ, ನಿಮಗೆ ಕ್ರಿಸ್‌ಮಸ್ ಹ್ಯಾಮ್ ಉಚಿತ' ಎಂದು ಮೆಸೇಜ್ ಬಂದಿತ್ತು, ಹಬ್ಬದೂಟದ ಹಂದಿಯ ತೊಡೆಮಾಂಸ. ಒತ್ತಿದೆ. ಪಿನ್ ಕೇಳಿತು, ಕೊಟ್ಟೆ. ಒಟಿಪಿ ಕೇಳಿತು, ಅದನ್ನೂ ಕೊಟ್ಟೆ. ಯಾವ ವಿಳಾಸಕ್ಕೆ ಹ್ಯಾಮ್ ಕಳಿಸಲಿ ಎಂದು ಮಾತ್ರ ಕೇಳಲಿಲ್ಲ. ಆರು ನಿಮಿಷದಲ್ಲಿ ಬೇರೆ ದ್ವೀಪದ ಯಾವುದೋ ಫೋನು ನನ್ನ ಖಾತೆಯೊಳಗೆ ಕೂತಿತ್ತು. ಆ ಮಹಾರಾಯ ಮೊದಲು ನನ್ನ ಹಳೆಯ ಡಿಸೆಂಬರುಗಳನ್ನೆಲ್ಲ ಓದಿಕೊಂಡಿದ್ದಾನೆ. ಈ ಮುದುಕಿ ನೂರಾರು ಜನಕ್ಕೆ ಇನ್ನೂರು ಇನ್ನೂರು ಕಳಿಸುತ್ತಾಳೆ, ಇವಳಿಗೆ ಎಲ್ಲರೂ ನೆನಪಿರಲಿಕ್ಕಿಲ್ಲ, ನೆನಪಿಲ್ಲವೆಂದು ಇವಳು ಒಪ್ಪುವವಳೂ ಅಲ್ಲ ಎಂದು ಲೆಕ್ಕ ಹಾಕಿದ್ದಾನೆ. ಇನ್ನೂರರಂತೆ ಅರವತ್ತಮೂರು ಸಲ. ನನ್ನನ್ನು ಅಷ್ಟು ಚೆನ್ನಾಗಿ ಅರಿತವರು ಬೇರೆ ಯಾರೂ ಇಲ್ಲ.

"ವಾಂಜಿಗೆ ನೀವೇ ಹೇಳ್ಬೇಕು ನಿನಾಂಗ್. ನಾನು ಹೇಳಿದ್ರೆ ಅದು ತನಿಖೆ ಆಗತ್ತೆ ಅಷ್ಟೆ," ಅಂದ ದೆಲ್ಫಿನ್.

ನಾನು ಹೇಳಿದೆನೇ? ಇಲ್ಲ. ಏಪ್ರಿಲಿನಲ್ಲಿ ಕಂಪನಿಯವರು 'ಸದ್ಭಾವನೆಯ ಕುರುಹಾಗಿ' ಹನ್ನೆರಡು ಸಾವಿರದ ಆರುನೂರು ಪೆಸೊ ವಾಪಸು ಕೊಟ್ಟರು. ಜೊತೆಗೆ, ವಾಂಜಿಯ ಮೇಲಿನ ದೂರು ನಿಜವೆಂಬ ಒಂದು ಕಾಗದಕ್ಕೆ ಸಹಿ. ದೂರು ಹಿಂತೆಗೆದುಕೊಂಡರೆ ವಾಂಜಿಯ ಬೋರ್ಡು ಮೇಲೇರುತ್ತದೆ, ಆದರೆ ನನ್ನ ಹಣ ಹಿಂದಕ್ಕೆ ಹೋಗುತ್ತದೆ. ಸಹಿ ಹಾಕಿದೆ. ಕಳ್ಳಿಯನ್ನು ಹಿಡಿದುಕೊಟ್ಟವಳೆಂದು ಈ ಬಿರುದು ಸಿಕ್ಕಿದ್ದೂ ಆ ಸಹಿಯ ಮೇಲೆಯೇ. ಎದುರುಮನೆಯ ಮುಚ್ಚಿದ ಕೌಂಟರನ್ನು ನೋಡುತ್ತ ಎರಡು ತಿಂಗಳು ಊಟ ಮಾಡಿದೆ. ಹಣ ಬೇಕೆಂದಲ್ಲ. ಹ್ಯಾಮಿನ ಆಸೆಗೆ ಬಿದ್ದ ಮುದುಕಿ ಅನ್ನುತ್ತೀರಲ್ಲ, ಅದಕ್ಕೆ. ನನಗೆ ನಾಚಿಕೆಯಾಗುತ್ತದೆ. ಈಗಲೂ ಆಗುತ್ತಿದೆ.

ಕನ್ನಡಕ ನನ್ನ ಚೀಲದಲ್ಲೇ ಇದೆ. ಅದರ ಪಕ್ಕದಲ್ಲಿ ದೂರು ಹಿಂತೆಗೆದುಕೊಳ್ಳುವ ಪತ್ರವಿದೆ, ಹನ್ನೆರಡು ಸಾವಿರದ ಆರುನೂರು ಪೆಸೊ ನಗದಾಗಿಯೇ ಇದೆ. ಎಸ್ಕಲಾಂತೆಯವರೇ, ಮುನ್ನೂರು ಸಾಕ್ಷಿಗಳ ಎದುರು ಇದನ್ನೂ ಫಲಕವನ್ನೂ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಬೋರ್ಡು ಇಳಿಸಲು ಒಂದು ದಿನ ಸಾಕಾಗಿತ್ತು. ಏರಿಸಲೂ ಒಂದೇ ದಿನ ಸಾಕು. ನಿಮ್ಮ ದೋಣಿ ನಾಳೆ ಸಂಜೆಗೆ, ನಾನು ವಿಚಾರಿಸಿದ್ದೇನೆ.

ವಾಂಜಿ, ನೀನು ಹಿಂದೆ ಕಂಬದ ಹತ್ತಿರ ನಿಂತಿರುವುದು ಕಾಣುತ್ತಿದೆ. ಮೊದಲ ಸಲ ನಿನಗೆ ಹೊಡೆದದ್ದು ನೀನು ಬದುಕಲಿ ಎಂದು. ಎರಡನೆಯ ಸಲ ಹೊಡೆದದ್ದು ನನ್ನ ಮಾನ ಬದುಕಲಿ ಎಂದು. ಮೂವತ್ತೆಂಟು ವರ್ಷ ನನ್ನ ಕೈಯನ್ನು ನಿನ್ನ ಹಣೆಗೆ ಒತ್ತಿಕೊಂಡವಳು ನೀನು. ಈಗ ನಾನು ಕೆಳಗಿಳಿದು ಬಂದು ನಿನ್ನ ಕೈಯನ್ನು ನನ್ನ ಹಣೆಗೆ ಒತ್ತಿಕೊಳ್ಳುತ್ತೇನೆ. ಕೊಡದಿದ್ದರೆ ಅದೂ ಸರಿ, ನಿಂತಿರುತ್ತೇನೆ.

ಸನ್ಮಾನಿಸಿದವರಿಗೂ, ಸಹಿಸಿಕೊಂಡವರಿಗೂ ವಂದನೆಗಳು. ಮೆಟ್ಟಿಲ ಹತ್ತಿರ ಇರುವವರು ಸ್ವಲ್ಪ ದಾರಿ ಬಿಡಿ. ನಮಸ್ಕಾರ.