ಕುಬಸದ ದಿನದ ರಾಕೆಟ್

ಯಾಕ ಅನ್ನಪೂರ್ಣಾ, ಫೋನ್ ಇಟ್ಟವಳೇ ಮುಖ ಆ ಕಡೆ ತಿರುಗಿಸಿಬಿಟ್ಟಿ? ಅಂಕಿತಾನೇ ತಾನೇ ಮಾಡಿದ್ದು... ಏನಂದ್ಲು ಮಗಳು? ಹೇಳಲ್ಲೇನು? ಬ್ಯಾಡ ಬಿಡು. ಈ ಹರಿಹರ ಬಸ್‌ಸ್ಟ್ಯಾಂಡಿನಾಗೆ ಕೂತ್ರೆ ದಾವಣಗೆರೆ ಬಸ್ ಒಂದು ಬಿಟ್ಟು ಬೇರೆಲ್ಲಾ ಬರ್ತಾವೆ.

ಆ ಚೀಲನಾದ್ರೂ ಇತ್ಲಾಗೆ ಕೊಡು. ಉಕ್ಕಡಗಾತ್ರಿಯಿಂದ ಎದಿಗೆ ಅವಚ್ಕೊಂಡೇ ಬಂದೀಯ.

ಯಾಕ ಹಂಗ್ ನೋಡ್ತಿ? ಹೊಟ್ಟೆಕಿಚ್ಚಾ? ನನಗಾ? ...ಐತೆ ಕಣೆ, ಸುಳ್ಳ್ಯಾಕೆ. ಒಂದೇ ಮನೆಗೆ ನಾನು ಹಿರೇ ಸೊಸಿ, ನೀನು ಕಿರೇ ಸೊಸಿ. ಹತ್ತನೇ ಕ್ಲಾಸಿನಾಗೆ ನನ್ನ ನಯನಾನೇ ಮುಂದು, ಮರಿಬ್ಯಾಡ. ಆಕಿ ಲೆಕ್ಕ ಬಿಡಿಸಿ ಕೊಟ್ರೆ ನಿನ್ನ ಮಗಳು ನೋಡಿ ಬರ್ಕೊಳ್ತಿದ್ಲು. ನಾವು ಮದುವಿ ಮಾಡಿದ್ವಿ, ನೀನು ಓದಿಸ್ದಿ. ಈಗ ನೋಡು, ಅಂಕಿತಾ ಕೈ ಹಾಕಿದ ಉಪಗ್ರಹ ಮೇಲೆ ಹೋದ್ರೆ ಗುಡ್ಡದ ತುದಿಗೂ ಇಂಟರ್‌ನೆಟ್ಟಂತೆ. ನನ್ನ ಮಗಳು ಬಸುರಿ ಅಂದ್ರೆ 'ಹೌದಾ' ಅಂದು ಬ್ಯಾರೆ ಮಾತು ತೆಗಿತಾರೆ.

ಹೋಗ್ಲಿ, ಆ ರಾಕೆಟ್ ಹಾರಿಸಾಕೆ ಬೇರೆ ದಿನ ಸಿಗಲಿಲ್ಲೇನು? ಸೋಮವಾರ ನಿಟ್ಟುವಳ್ಳಿಯಾಗೆ ನಯನಾನ ಸೀಮಂತದ ಕುಬಸ. ಅದೇ ಹೊತ್ತಿಗೆ ನಿನ್ನ ಸರಸ್ವತಿ ನಗರದ ಮನೆಯಾಗೆ ದೊಡ್ಡ ಪರದೆ! ಕರೆಯಾಕೆ ಹೋದಲ್ಲೆಲ್ಲಾ 'ರಾಕೆಟ್ ನೋಡ್ಕೊಂಡು ಬರ್ತೀವಿ ಬಿಡ್ರಿ' ಅಂತಾರೆ. ನಮ್ಮ ಮನೆಯವ್ರೂ ಅಷ್ಟೇ. 'ನೀನು ಆರತಿ ಶುರು ಮಾಡ್ಸು, ನಾನು ಹಿಂದಿಂದ ಬರ್ತೀನಿ' ಅಂದ್ರು. ಹೆತ್ತ ಅಪ್ಪ ಕಣೆ... ನಗಬ್ಯಾಡ.

ಆದ್ರೂ ಅಂಕಿತಾನ ಸಲುವಾಗಿ ಹರಕೆ ಹೊರಾಕೆ ಬಾ ಅಂದಾಗ ನಿನ್ನ ಜೊತೆ ಬಂದೆ ಇಲ್ಲೋ? ಉಕ್ಕಡಗಾತ್ರಿ ಅಜ್ಜಯ್ಯನ ಗದ್ದಿಗೆ ಮುಂದೆ ನಿನ್ನ ಪಕ್ಕಾನೇ ಕೈ ಮುಗಿದೆ. ಏನ್ ಬೇಡ್ಕೊಂಡೆ ಅಂತ ಮಾತ್ರ ಕೇಳಬ್ಯಾಡ. ಹರಕೆ ಬಾಯಿಬಿಟ್ಟು ಹೇಳಬಾರ್ದು.

ಅಯ್ಯ, ಅಳ್ತಿಯಾ? ...ಮುಂದಕ್ಕೆ ಹೋತಾ? ರಾಕೆಟ್ಟಾ? ಸಮುದ್ರದ ಮ್ಯಾಲೆ ಚಂಡಮಾರುತವಾ? ಪಾಪ... ಇರ್ಲಿ ತಗಾ, ಗಾಳಿ ಇಳಿತೈತೆ. ಸೋಮವಾರ ಎಲ್ರೂ ಕುಬಸಕ್ಕೇ ಬರ್ರಿ, ಹೋಳಿಗೆ ಉಣ್ಣಾಣ, ಮಂಗಳವಾರ ರಾಕೆಟ್ ನೋಡಾಣ. ...ಮಂಗಳವಾರನೂ ಇಲ್ಲಾ? ಯಾವಾಗ ಅಂತಾನೇ ಹೇಳಿಲ್ಲಾ? ರಾಕೆಟ್ಟನ್ನೇ ವಾಪಸ್ ಶೆಡ್ಡಿನೊಳಗೆ ಒಯ್ದ್ರಾ? ಅಂಕಿತಾ ಅಳ್ತಿದ್ಲಾ?

ಛೇ, ಅದ್ಹೆಂಗೆ ಆಕೈತೆ... ನಾನು ಕೇಳಿದ್ದು ಒಂದೇ ದಿನ.

...ಅನ್ನಪೂರ್ಣಾ. ಅಂದ್ರೆ... ಬರೇ ಕುಬಸ ಮುಗಿಯೋ ತನಕ, ಅಷ್ಟೇ. ಕೆಡ್ಲಿ ಅಂತ ಅಲ್ಲ, ಅಜ್ಜಯ್ಯನಾಣೆ. ಹಂಗೆ ನೋಡಬ್ಯಾಡ. ಬೈಯಿ, ಬೇಕಾದ್ರೆ ನಾಕು ಬಾರಿಸು... ಚೀಲ ಯಾಕ ನನ್ನ ತೊಡೆ ಮ್ಯಾಲೆ ಇಡ್ತಿ?

ಹಸಿರು ಬಳೆ... ವಿಭೂತಿ... ಅಜ್ಜಯ್ಯನ ಮುಂದೆ ಇಟ್ಟು ತಂದಿದ್ದಾ? ಅಂಕಿತಾಗೆ ಅಂತ ಬಂದು ನಯನಾನ ಹೆರಿಗೆಗೂ ಬೇಡ್ಕೊಂಡ್ಯಾ?

ಬಸ್ ಬಂತು, ಏಳೇ. ಕೈ ಹಿಡ್ಕಾ... ಬ್ಯಾಡ್ವಾ? ಸರಿ, ನೀನೇ ಮುಂದೆ ಹತ್ತು. ಅಲ್ಲ, ಅಷ್ಟು ದೂರ ಯಾಕ ಹೋಗಿ ಕೂಡ್ತಿ... ಅನ್ನಪೂರ್ಣಾ, ಇಲ್ಲಿ ಇಬ್ಬರಿಗೆ ಜಾಗ ಐತೆ ನೋಡು.